ಟರ್ಬೋಗೆ ನಾಲ್ಕು ಮಾರು ಹೂವು

ಆದರೆ ಬೆನ್ನಿಗೆ ಆ ಒದೆ ಬಿದ್ದದ್ದು ಬನಶಂಕರಿಯ ಸಿಗ್ನಲ್ಲಿನಲ್ಲೇ ಹೌದೋ, ಅದರ ಮುಂದಿನದರಲ್ಲೋ? ಇಷ್ಟು ದಿನ ಬನಶಂಕರಿ ಎಂದೇ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ನೆನಪು ನುಣುಪಾಗಿಬಿಟ್ಟಿದೆ, ನುಣುಪಾದ ನೆನಪನ್ನು ನಾನು ನಂಬುವುದಿಲ್ಲ. ಇಷ್ಟಂತೂ ಖಚಿತ: ಹಸಿರು ದೀಪ ಬಂತು, ಆಕ್ಸಿಲರೇಟರ್ ತುಳಿದೆ, ‘ಠಪ್’ ಎಂದು ಸದ್ದಾಯಿತು, ಬೆನ್ನು ಸೀಟಿಗೆ ಅಂಟಿತು.

“ಬಂತು!” ಎಂದು ಕಾರಿನೊಳಗೆ ಒಬ್ಬನೇ ಕೂಗಿದೆ.

ಬಂದದ್ದು ಟರ್ಬೋ. ಮೊದಲೇ ಜೋರಾಗಿ ಓಡುವ ಕಾರು ನನ್ನದು. ಆದರೂ ಅರೆಕೆರೆಯ ಮೆಕ್ಯಾನಿಕ್ ನವಾಜ್ ಭಾಯ್ ಕೈಯಲ್ಲಿ ಅದಕ್ಕೊಂದು ಟರ್ಬೋ ಹಾಕಿಸಿದ್ದೆ. ಹೊರಗೆ ಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗಿ ಇಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುತ್ತದೆ, ಕಾರು ಹಾರುತ್ತದೆ. ಒಂದೇ ತೊಂದರೆ ಎಂದರೆ ಆ ಚಕ್ರ ಮೈಕೊಡವಿ ಏಳಬೇಕಾದರೆ ಮೂರನೇ ಗೇರಿನಲ್ಲಿ ಒಂದಷ್ಟು ದೂರ ಅಡೆತಡೆಯಿಲ್ಲದೆ ಓಡಬೇಕು. ನಾನು ದಿನಾ ಓಡಾಡುವುದು ಜೆ.ಪಿ. ನಗರದಿಂದ ಜಯನಗರಕ್ಕೆ. ಆ ದಾರಿಯಲ್ಲಿ ಮೂರನೇ ಗೇರನ್ನು ಕಂಡವರುಂಟೇ?

ಹಾಗಾಗಿ ಒಂದೂವರೆ ತಿಂಗಳಲ್ಲಿ ಟರ್ಬೋದಿಂದ ಮನೆಗೆ ದೊರೆತ ಏಕೈಕ ಬದಲಾವಣೆಯೆಂದರೆ ಒಂದು ನಿಮಿಷದ ನಿಯಮ. ಗಾಡಿ ನಿಲ್ಲಿಸಿದ ಮೇಲೆ ಟರ್ಬೋ ತಣ್ಣಗಾಗಲು ಒಂದು ನಿಮಿಷ ಇಂಜಿನ್ ಆರಿಸುವಂತಿಲ್ಲ. ಮೊದಲ ದಿನ ನನ್ನ ಹೆಂಡತಿ ಶೈಲಾ ಸೊಪ್ಪಿನ ಚೀಲ ಮಡಿಲಲ್ಲಿಟ್ಟುಕೊಂಡು ನನ್ನ ಜೊತೆ ಸುಮ್ಮನೆ ಕುಳಿತಳು. ಮೂವತ್ತು ಸೆಕೆಂಡಿಗೆ ಮೆಲ್ಲಗೆ ಕೇಳಿದಳು:

“ಯಾರು ಹೋದ್ರು ರೀ?”

ಬನಶಂಕರಿಯ ಒದೆ ಬಿದ್ದ ಸಂಜೆ ಅವಳಿಗೆ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಅವಳು ಹುರುಳಿಕಾಯಿಯ ನಾರು ಬಿಡಿಸುತ್ತಲೇ ತೀರ್ಪು ಕೊಟ್ಟಳು.

“ಆಯುಧ ಪೂಜೆ ದಿನ ರಸ್ತೆ ಖಾಲಿ ಇರುತ್ತೆ. ಒಂದು ಸಲ, ಒಂದೇ ಸಲ ನನಗೂ ತೋರಿಸಿ. ನನ್ನ ಬೆನ್ನಿಗೂ ಗೊತ್ತಾದ್ರೆ ಇಟ್ಕೊಳ್ಳಿ. ಇಲ್ಲಾಂದ್ರೆ ಬಿಚ್ಚಿಸಿಬಿಡಿ. ನನಗೆ ಈ ಮೌನಾಚರಣೆ ಸಾಕಾಗಿದೆ.”

ನಾನು ಒಪ್ಪಿದೆ. ಖುಷಿಗೆ ಆ ವಾರವೆಲ್ಲ ಊಟವೇ ಸೇರಲಿಲ್ಲ!

ಹಬ್ಬದ ಬೆಳಿಗ್ಗೆ ಕಾರು ತೊಳೆದೆ. ಅಮ್ಮ ನಾಲ್ಕು ಮಾರು ಚೆಂಡುಹೂವು, ಎರಡು ಬಾಳೆಕಂದು, ಅರಿಶಿನ ಕುಂಕುಮ ಹಿಡಿದು ಬಂದಳು.

“ಎಲ್ಲೋ ನಿನ್ನ ಟರ್ಬೋ? ಹೊಸದಕ್ಕೆ ತಾನೇ ಮೊದಲು ಪೂಜೆ ಆಗ್ಬೇಕು.”

ಟರ್ಬೋ ಇಂಜಿನ್ನಿನ ಹಿಂದೆ ಅಡಗಿದೆ, ಕಾಣುವುದಿಲ್ಲ. ನಾನು ವಿದ್ವಾಂಸನ ಗತ್ತಿನಲ್ಲಿ ಮುಂದಿನ ಬಂಪರಿನ ಜಾಲರಿ ತೋರಿಸಿದೆ. “ಅದು ಗಾಳಿ ತಗೊಳ್ಳೋದು ಇಲ್ಲಿಂದ ಅಮ್ಮಾ. ಇದೇ ಅದರ ಜೀವ.”

ಅಮ್ಮ ಭಕ್ತಿಯಿಂದ ಆ ಜೀವಕ್ಕೆ ನಾಲ್ಕೂ ಮಾರು ಸುತ್ತಿದಳು. ಅಥವಾ ನಾನೇ ಸುತ್ತಿದೆನೋ? ಅಮ್ಮ ನಾನೇ ಅನ್ನುತ್ತಾಳೆ. ಶೈಲಾ ತೆಗೆದ ಫೋಟೋದಲ್ಲಿ ಜಾಲರಿಯೊಳಗೆ ಹೂವು ತುರುಕುತ್ತಿರುವ ಕೈಗೆ ನನ್ನ ಗಡಿಯಾರವಿದೆ. ಮುಖ ಕಾಣುವುದಿಲ್ಲ.

“ಸಂಜೆ ದೀಪ ಹಚ್ಚೋ ತನಕ ತೆಗೀಬಾರದು” ಎಂದಳು ಅಮ್ಮ.

ಕನಕಪುರ ರಸ್ತೆ, ತಲಘಟ್ಟಪುರ ದಾಟಿದ ಮೇಲೆ ಕಣ್ಣು ಹಾಯುವಷ್ಟೂ ಖಾಲಿ! ಮೂರನೇ ಗೇರು ಹಾಕಿದೆ, ಎಷ್ಟು ತಿಂಗಳ ಮೇಲೆ ಸಿಕ್ಕ ಬಂಧು. “ಗಟ್ಟಿಯಾಗಿ ಹಿಡ್ಕೋ” ಎಂದೆ. ಶೈಲಾ ಬಾಗಿಲಿನ ಹಿಡಿ ಹಿಡಿದಳು. ಪೂರ್ತಿ ತುಳಿದೆ.

ಕಾರು ನೆಗಡಿಯಾದವರಂತೆ ಸೊರಸೊರ ಎಂದಿತು. ಸ್ಟೀರಿಂಗಿನ ಎದುರು ಹಳದಿ ದೀಪವೊಂದು ಹೊತ್ತಿಕೊಂಡಿತು. ವೇಗ ಇಳಿಯತೊಡಗಿತು. ಬಲಗಡೆಯಿಂದ ಹಳೆಯ ಸ್ಕೂಟರೊಂದು ನಮ್ಮನ್ನು ದಾಟಿಕೊಂಡು ಹೋಯಿತು. ಹ್ಯಾಂಡಲಿಗೆ ಹಾರ, ಹಿಂದಿನ ಸೀಟಿನಲ್ಲಿ ಬೂದುಗುಂಬಳಕಾಯಿ, ಓಡಿಸುತ್ತಿದ್ದವರಿಗೆ ಎಪ್ಪತ್ತಾದರೂ ಆಗಿರಬೇಕು.

“ರೀ, ಆ ಅಂಕಲ್ಲೂ ಟರ್ಬೋ ಹಾಕ್ಸಿದ್ದಾರಾ?”

ಗಾಡಿ ಬದಿಗೆ ನಿಲ್ಲಿಸಿ ನವಾಜ್ ಭಾಯ್‌ಗೆ ಫೋನ್ ಮಾಡಿದೆ.

“ಮುಂದೆ ಏನಾದ್ರೂ ಅಡ್ಡ ಐತಾ ಸಾರ್?”

“ಏನೂ ಇಲ್ಲ. ಪೂಜೆ ಮಾಡಿದ್ದೀವಿ, ಅಷ್ಟೇ.”

“ಹೂವು ಎಲ್ಲಿ ಕಟ್ಟಿದ್ದೀರಾ?”

“ಗಾಳಿ ತಗೊಳ್ಳುತ್ತೆ ಅಂತ ನೀವು ತೋರಿಸಿದ್ರಲ್ಲ, ಅಲ್ಲೇ.”

“ಸಾರ್, ಅದು ಮೂಗು. ಮೂಗಿಗೆ ಯಾರಾದ್ರೂ ಹೂವು ತುರುಕ್ತಾರಾ?”

ರಸ್ತೆಯಲ್ಲಿ ಮೊಣಕಾಲೂರಿ ಕೈಹಾಕಿ ನೋಡಿದೆ. ಒದ್ದೆ ಚೆಂಡುಹೂವೆಲ್ಲ ಗಾಳಿಯ ಜೊತೆ ಒಳಕ್ಕೆ ಹೋಗಿ ಫಿಲ್ಟರಿಗೆ ಮೆತ್ತಿಕೊಂಡಿತ್ತು. ಸಂಜೆ ತನಕ ತೆಗೀಬಾರದು ಎಂದ ಅಮ್ಮನ ಮಾತು ಮರೆತು ಹಿಡಿಹಿಡಿಯಾಗಿ ಕಿತ್ತೆ. ಹಳದಿ ದೀಪ ಮಾತ್ರ ಆರಲಿಲ್ಲ. ಅದನ್ನು ಆರಿಸಲು ಲ್ಯಾಪ್‌ಟಾಪ್ ಬೇಕು, ಅದಿರುವ ಗ್ಯಾರೇಜಿಗೆ ಮೂರು ದಿನ ರಜೆ, ಅಲ್ಲಿಯವರೆಗೆ ಕಾರು ಆಮೆಯೇ ಎಂದರು ನವಾಜ್ ಭಾಯ್.

“ಮೂರು ದಿನ ಬಿಟ್ಟು ಇನ್ನೊಂದ್ಸಲ...” ಎಂದೆ.

“ಒಂದೇ ಸಲ ಅಂದಿದ್ದೆ” ಎಂದಳು ಶೈಲಾ, ನನ್ನ ಕೂದಲಿನಿಂದ ಒಂದು ಎಸಳು ತೆಗೆಯುತ್ತ.

ಮುಂದಿನ ವಾರ ಟರ್ಬೋ ಬಿಚ್ಚಿಸಿದೆ. ಈಗ ಅದು ನಮ್ಮ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿದೆ. ಶುಕ್ರವಾರ ಅಮ್ಮ ಅದಕ್ಕೊಂದು ಹೂವಿಡುತ್ತಾಳೆ. ಯಾವ ತೊಂದರೆಯೂ ಇಲ್ಲ.

ಬಿಚ್ಚುವಾಗ ನವಾಜ್ ಭಾಯ್ ಪಾಪ ಎನ್ನಿಸಿ ಕೇಳಿದ್ದರು: “ಒಂದ್ಸಲನಾದ್ರೂ ಒದೀತಾ ಸಾರ್?”

“ಬನಶಂಕರಿ ಸಿಗ್ನಲ್ಲಲ್ಲಿ ಸಖತ್ತಾಗಿ ಒದೀತು. ಠಪ್ ಅಂತ ಸದ್ದೂ ಬಂತು.”

ಅವರು ಕೈ ಒರೆಸಿಕೊಂಡು ಕಾರಿನ ಹಿಂದಕ್ಕೆ ಹೋದರು. ಹಿಂದಿನ ಬಂಪರಿನಲ್ಲಿ ಅಂಗೈಯಗಲದ ತಗ್ಗು, ಅದರ ಅಂಚಿಗೆ ಯಾರದೋ ಗಾಡಿಯ ಕೆಂಪು ಬಣ್ಣ. ಬೆರಳಿಂದ ಒಮ್ಮೆ ಉಜ್ಜಿ ನನ್ನ ಮುಖ ನೋಡಿದರು.

ಆ ತಗ್ಗು ಎಂದಿನದೋ ನನಗೆ ಗೊತ್ತಿಲ್ಲ. ಅಂದು ನನ್ನನ್ನು ಒದ್ದದ್ದು ಯಾರು ಎಂಬುದೂ ಗೊತ್ತಿಲ್ಲ.