ಮೊದಲು ಪಾರ್ಟು, ಆಮೇಲೆ ಪರೀಕ್ಷೆ

ಹಿನಕಲ್‌ನಲ್ಲಿ ನಾನು ಕಾರು ರಿಪೇರಿಯ ಗ್ಯಾರೇಜು ಇಟ್ಟು ಇಷ್ಟು ವರ್ಷವಾಯಿತು. "ಗಾಡಿಗೆ ಏನೋ ಆಗಿದೆ, ಸ್ವಲ್ಪ ನೋಡಿ" ಅಂದವರು ಬೆರಳೆಣಿಕೆಯಷ್ಟು ಜನ. ಉಳಿದವರೆಲ್ಲ "ಇಂಥ ಪಾರ್ಟು ಹೋಗಿದೆ, ಬದಲಾಯಿಸಿ" ಅಂತ ತೀರ್ಪು ಬರೆದುಕೊಂಡೇ ಬರುತ್ತಾರೆ. ಡಾಕ್ಟರ ಹತ್ತಿರ ಹೋಗಿ "ನನ್ನ ಎಡಗಡೆ ಕಿಡ್ನಿ ಬದಲಾಯಿಸಿ" ಅನ್ನದ ಜನ ಮೆಕ್ಯಾನಿಕ್ ಮುಂದೆ ಮಾತ್ರ ಯಾಕೆ ಪಂಡಿತರಾಗುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

೧. ಮೇಷ್ಟರ ಡಿಕ್ಕಿ

ತೊಂಬತ್ತರ ದಶಕದ ಮಾತು. ಆಗಿನ ಕಾರುಗಳಲ್ಲಿ ಎಂಜಿನ್ ಕೆಟ್ಟರೆ ಹತ್ತುವ ದೀಪವೇ ಇರಲಿಲ್ಲ. ದೀಪದ ಕೆಲಸವನ್ನು ಅಕ್ಕಪಕ್ಕದ ಮನೆಯವರು ಮಾಡುತ್ತಿದ್ದರು. ನಾನಿನ್ನೂ ಲಷ್ಕರ್ ಮೊಹಲ್ಲಾದಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ.

ಹೈಸ್ಕೂಲು ಮೇಷ್ಟರೊಬ್ಬರು ಹಳೇ ಕಾರನ್ನು ತಳ್ಳಿಸಿಕೊಂಡು ಬಂದರು. ಮೂರು ಮೈಲಿ ಓಡಿದರೆ ನಿಂತುಬಿಡುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆ. ಎದುರು ಮನೆಯವರು ಪ್ಲಗ್ ಅಂದರಂತೆ, ಹಾಕಿಸಿದರು. ಕ್ಷೌರದವನು ಕಾಯಿಲ್ ಅಂದನಂತೆ, ಅದನ್ನೂ ಹಾಕಿಸಿದರು. ಭಾವಮೈದ ಪೆಟ್ರೋಲ್ ಪಂಪು ಅಂದ, ಅದೂ ಹೊಸದಾಯಿತು. "ಇನ್ನು ಉಳಿದಿರೋದು ಕಾರ್ಬುರೇಟರ್ ಒಂದೇ. ಅದನ್ನೂ ಹಾಕ್ಬುಡಿ" ಅಂದರು.

ಉಸ್ತಾದರು ಸ್ಪ್ಯಾನರ್ ಮುಟ್ಟಲಿಲ್ಲ. ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ ಪೆಟ್ರೋಲ್ ಟ್ಯಾಂಕಿನ ಬಾಯಿಯ ಹತ್ತಿರ ನಿಂತರು. ಮುಚ್ಚಳ ಇರಲಿಲ್ಲ. ಅದರ ಜಾಗದಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರನ್ನು ನಾಲ್ಕು ಮಡಿಕೆ ಮಾಡಿ, ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿತ್ತು.

"ಮುಚ್ಚಳ ಯಾವಾಗ ಕಳೀತು ಮೇಷ್ಟ್ರೇ?"

"ಮೂರು ತಿಂಗಳಾಯ್ತು."

"ಗಾಡಿ ನಿಲ್ಲಕ್ಕೆ ಶುರುವಾಗಿ?"

"ಅದೂ ಮೂರು ತಿಂಗಳೇ."

ಪೆಟ್ರೋಲು ಹೊರಗೆ ಹೋಗಬೇಕಾದರೆ ಗಾಳಿ ಒಳಗೆ ಬರಬೇಕು, ಉಸಿರು ಕಟ್ಟಿದರೆ ಯಾರು ತಾನೇ ಓಡುತ್ತಾರೆ ಎಂದು ಉಸ್ತಾದರು ನಿಧಾನವಾಗಿ ಬಿಡಿಸಿ ಹೇಳಿದರು. ಮೇಷ್ಟರು ಮುಖ ಸಣ್ಣದು ಮಾಡಿಕೊಂಡು ಎಲ್ಲವನ್ನೂ ಕೇಳಿ, ಕೊನೆಗೆ, "ಅದೆಲ್ಲ ಸರಿ ಕಣ್ರೀ. ಕಾರ್ಬುರೇಟರ್ ತಂದು ಡಿಕ್ಕೀಲಿ ಇಟ್ಕೊಂಡ್ಬುಟ್ಟಿದೀನಲ್ಲ, ಅದನ್ನೇನು ಮಾಡ್ಲಿ?" ಅಂದರು.

೨. ಹೂಟಗಳ್ಳಿಯ ಇಲಿ

ಆಮೇಲೆ ಕಂಪ್ಯೂಟರ್ ಇರುವ ಕಾರುಗಳು ಬಂದವು. ಒಳಗೆ ಏನಾದರೂ ಎಡವಟ್ಟಾದರೆ ಸ್ಟೇರಿಂಗ್ ಹಿಂದೆ ಎಂಜಿನ್ ಆಕಾರದ ಹಳದಿ ದೀಪ ಹತ್ತುತ್ತದೆ. ಸ್ಕ್ಯಾನರ್ ಚುಚ್ಚಿದರೆ ಒಂದು ಕೋಡ್ ಕೊಡುತ್ತದೆ. ಹೊಟ್ಟೆನೋವು ಅಂತ ಹೇಳುತ್ತದೆಯೇ ಹೊರತು ಏನು ತಿಂದೆ ಅಂತ ಹೇಳುವುದಿಲ್ಲ.

ಹೂಟಗಳ್ಳಿಯ ಫ್ಯಾಕ್ಟರಿಯೊಂದರ ಆಫೀಸರು ಬಂದರು. ಬೇರೆ ಕಡೆ ಕೋಡ್ ನೋಡಿಸಿದಾಗ ಸೆನ್ಸರ್ ಹೆಸರು ಬಂದಿತ್ತಂತೆ. ಎರಡು ಸಲ ಹೊಸ ಸೆನ್ಸರ್ ಹಾಕಿಸಿದ್ದರು, ಎರಡು ಸಲವೂ ದೀಪ ಮತ್ತೆ ಹತ್ತಿತ್ತು. ಕಳ್ಳನನ್ನು ನೋಡಿ ಬೊಗಳಿದ ನಾಯಿಯನ್ನೇ ಬದಲಾಯಿಸಿದರೆ ಹೊಸ ನಾಯಿಯೂ ಬೊಗಳದೆ ಇರುತ್ತದೆಯೇ? ಬಾನೆಟ್ ಎತ್ತಿ ಟಾರ್ಚ್ ಬಿಟ್ಟೆ. ಗಾಳಿ ಹೋಗುವ ರಬ್ಬರ್ ಪೈಪಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಪಕ್ಕದಲ್ಲೇ ಕಡಲೆಕಾಯಿ ಸಿಪ್ಪೆ ಹರಡಿದ ಒಂದು ಸುಖಸಂಸಾರ.

ಆಫೀಸರಿಗೆ ಸಿಟ್ಟು ಬಂದಿದ್ದು ಇಲಿಯ ಮೇಲಲ್ಲ. "ಅಷ್ಟು ದೊಡ್ಡ ಕಂಪ್ಯೂಟರ್ ಕಣ್ರೀ. ಇಲಿ ಅಂತ ಒಂದು ಮಾತು ಹೇಳಕ್ಕೇನಾಗಿತ್ತು ಅದಕ್ಕೆ?"

"ಸಾರ್, ಅದನ್ನ ಮಾಡಿದೋರು ಫಾರಿನ್‌ನೋರು. ಹೂಟಗಳ್ಳಿ ಇಲಿ ಪರಿಚಯ ಅವ್ರಿಗೆಲ್ಲಿರುತ್ತೆ?" ಅಂದೆ.

೩. ಯಜಮಾನರ ಮಾನ

ಅಕ್ಕಿ ಮಂಡಿಯ ಯಜಮಾನರೊಬ್ಬರು, ಮಠದ ಪರಮ ಭಕ್ತರು. ಪ್ರತಿ ವರ್ಷ ಇವರ ಬಳಗದ ಸಮಾರಂಭಕ್ಕೆ ಮಠದ ಸ್ವಾಮಿಗಳನ್ನು ಕರೆತರುತ್ತಿದ್ದುದು ಇವರ ದಾಯಾದಿಯ ಕಾರು. ಆ ವರ್ಷ ಇವರು ಹೊಸ ಕಾರು ಕೊಂಡು, ಹೇಗೋ ಆ ಸರದಿ ಗಿಟ್ಟಿಸಿಕೊಂಡಿದ್ದರು. ಆಯುಧಪೂಜೆಯ ಮಾರನೇ ದಿನ ಹಳದಿ ದೀಪ ಹತ್ತಿತು.

"ಭಾನುವಾರ ಬುದ್ಧಿಯವ್ರು ನಮ್ ಗಾಡೀಲಿ ಕೂತ್ಕೋತಾರೆ ಕಣಪ್ಪ. ದೀಪ ಕಂಡ್ರೆ ಆ ನನ್ ದಾಯಾದಿ, 'ಗಾಡಿ ಸರಿಯಿಲ್ಲ, ನನ್ ಗಾಡಿಗೆ ಬನ್ನಿ ಬುದ್ಧಿ' ಅಂತ ಕರ್ಕೊಂಡ್ಹೋಗ್ಬುಡ್ತಾನೆ. ನನ್ ಮಾನ ಉಳಿಸು" ಎಂದು ಅಕ್ಷರಶಃ ಕೈ ಹಿಡಿದುಕೊಂಡರು. ನಿಜ ಹೇಳುತ್ತೇನೆ, ಪಾಪ ಅನ್ನಿಸಿತು.

ಅಷ್ಟರಲ್ಲಿ ಬೇರೆ ಗ್ಯಾರೇಜಿನವರು ಮೂರು ಸೆನ್ಸರ್ ಬದಲಾಯಿಸಿದ್ದರು. ನಾನು ಮೂರನೆಯದಕ್ಕೆ ವೈರು ಸೇರುವ ಪ್ಲಗ್ಗು ಬಿಚ್ಚಿ ನೋಡಿದೆ. ಒಳಗಿನ ಪಿನ್ನುಗಳ ಮೇಲೆ ಬೂದಿ ಗಾರೆಯ ಹಾಗೆ ಮೆತ್ತಿಕೊಂಡಿತ್ತು.

"ಇದೇನು ಯಜಮಾನ್ರೇ?"

"ವಿಭೂತಿ. ಹೊಸ ಪಾರ್ಟು ಅಂದ್ಮೇಲೆ ನೀರಲ್ಲಿ ತೊಳ್ದು, ವಿಭೂತಿ ಹಚ್ಚಿ, ಪೂಜೆ ಮಾಡ್ದೆ ಹಾಕಕ್ಕಾಯ್ತದಾ? ಮೂರಕ್ಕೂ ನಾನೇ ಕೈಯಾರೆ ಮಾಡಿದೀನಿ."

ಆಯುಧಪೂಜೆ ದಿನ ಹಳೇ ಸೆನ್ಸರಿಗೂ ಅದೇ ಸೇವೆ ನಡೆದಿತ್ತು. ಪಿನ್ನು ಒರೆಸಿ, ಒಣಗಿಸಿ, ಕೂರಿಸಿದೆ. ದೀಪ ಆರಿತು. ಪೂಜೆ ಏನಿದ್ದರೂ ಬಾನೆಟ್ಟಿನ ಹೊರಗೆ, ಒಳಗೆ ಒಂದು ತೊಟ್ಟು ನೀರೂ ಬೀಳಬಾರದು ಎಂದು ಆಣೆ ಹಾಕಿಸಿಕೊಂಡೆ. ಅವರಿಗೆ ಇನ್ನೂ ಧೈರ್ಯ ಸಾಲದು. ಭಾನುವಾರ ಗಾಡಿ ನೀನೇ ಓಡಿಸು ಎಂದು ದುಂಬಾಲು ಬಿದ್ದರು.

ಭಾನುವಾರ ಮಠದ ಅಂಗಳದಲ್ಲಿ ಬಳಗವೆಲ್ಲ ಸೇರಿತ್ತು. ದಾಯಾದಿ ತನ್ನ ಕಾರನ್ನೂ ತೊಳೆಸಿ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದ. ಸ್ವಾಮಿಗಳು ಬಂದರು, ಹೊಸ ಕಾರನ್ನು ನೋಡಿ ಸಂತೋಷಪಟ್ಟರು.

"ಬಾನೆಟ್ಟು ತೆಗೀರಪ್ಪ, ಯಂತ್ರಕ್ಕೂ ಆಶೀರ್ವಾದ ಮಾಡೋಣ" ಅಂದರು.

ಯಜಮಾನರು ನನ್ನ ಕಡೆ ತಿರುಗಿ, "ನೀನೇ ಹೇಳಪ್ಪ ಬುದ್ಧಿಯವ್ರಿಗೆ" ಎಂದು ಪಿಸುಗುಟ್ಟಿದರು. ಊರಿಗೆಲ್ಲ ಬುದ್ಧಿ ಹೇಳುವ ನಾನು ತೆಪ್ಪಗೆ ಬಾನೆಟ್ಟು ಎತ್ತಿ ಕೈಮುಗಿದೆ. ಸ್ವಾಮಿಗಳು ಬೆಳ್ಳಿ ತಂಬಿಗೆಯಿಂದ ಧಾರಾಳವಾಗಿ ನೀರು ಚಿಮುಕಿಸಿ, ಸರಿಯಾಗಿ ಆ ಪ್ಲಗ್ಗಿನ ಮೇಲೆಯೇ ಒಂದು ಹಿಡಿ ವಿಭೂತಿ ಹಾಕಿದರು.

ಗೇಟು ದಾಟುವುದರೊಳಗೆ ದೀಪ ಹತ್ತಿತು. ಪಕ್ಕದಲ್ಲಿದ್ದ ಯಜಮಾನರು ಕಣ್ಣು ಮುಚ್ಚಿಕೊಂಡರು. ಹಿಂದಿನ ಸೀಟಿನಿಂದ ಸ್ವಾಮಿಗಳು ಮುಂದಕ್ಕೆ ಬಾಗಿ ನೋಡಿದರು.

"ನಾವು ಕೂತ ಕೂಡಲೇ ಜ್ಯೋತಿ ಬೆಳಗಿತಲ್ಲಪ್ಪ. ಬಲು ಶುಭ."

ಸಮಾರಂಭದ ಆಶೀರ್ವಚನದಲ್ಲೂ ಆ ಮಾತು ಬಂತು. ಆಮೇಲೆ ಯಜಮಾನರು ಆ ದೀಪ ಆರಿಸಲು ನನ್ನನ್ನು ಹತ್ತಿರಕ್ಕೂ ಸೇರಿಸಲಿಲ್ಲ. ಒಂದು ವಾರ ಕಳೆದಿರಬೇಕು, ದಾಯಾದಿಯೇ ಗ್ಯಾರೇಜಿಗೆ ಬಂದ. ಅವನ ಕಾರಿನಲ್ಲಿ ಯಾವ ತೊಂದರೆಯೂ ಇರಲಿಲ್ಲ.

"ಅದೇ ಕಣ್ರೀ ಕಷ್ಟ. ನನ್ ಗಾಡೀಲಿ ಆ ದೀಪ ಹತ್ತುತ್ತಾನೇ ಇಲ್ಲ. ಯಾವ ಪಾರ್ಟು ಹೋಗಿದ್ಯೋ ಏನೋ, ನೋಡೋದೆಲ್ಲ ಬೇಡ, ಹೊಸದು ಹಾಕ್ಬುಡಿ."