ನನ್ನ ಎಪಿ ಬಯಾಲಜಿಯ ಪಾಡು

ಕೆಲವರ ಮನೆಗೆ ನಗೆಪಾಟಲು ವರ್ಷಕ್ಕೊಮ್ಮೆ ನೆಂಟರ ಹಾಗೆ ಬಂದು ಹೋಗುತ್ತದೆ. ನಮ್ಮ ಮನೆಗೆ ನಾನು ಬಯಾಲಜಿ ತಗೊಂಡ ವರ್ಷ ಅದು ಪೆಟ್ಟಿಗೆ ಸಮೇತ ಬಂದು ಉಳಿದೇಬಿಟ್ಟಿತು.

ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಧಾರವಾಡದಲ್ಲಿ, ಕನ್ನಡ ಮೀಡಿಯಮ್ಮು. ಆಮೇಲೆ ಅಪ್ಪನಿಗೆ ಕೆನಡಾದ ಮಿಲ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಕೆಲಸ ಸಿಕ್ಕಿ ಎಲ್ಲರೂ ಇಲ್ಲಿಗೆ ಬಂದೆವು. ಹನ್ನೆರಡನೇ ಗ್ರೇಡಿಗೆ ಎಪಿ ಬಯಾಲಜಿ ಅಂತ ಒಂದಿದೆ ಎಂದು ಅಪ್ಪನಿಗೆ ಯಾರೋ ಹೇಳಿದರು. ಹೈಸ್ಕೂಲಲ್ಲೇ ಕೂತು ಕಾಲೇಜಿನ ಮೊದಲ ವರ್ಷದ ಬಯಾಲಜಿ ಓದುವುದು, ಮೇ ತಿಂಗಳಲ್ಲಿ ದೊಡ್ಡ ಪರೀಕ್ಷೆ. ಸ್ಕೂಲಿನಲ್ಲಿ ಯಾವ ವಿಷಯ ತಗೋಬೇಕು ಅಂತ ಹೇಳುವ ಗೈಡೆನ್ಸ್ ಆಫೀಸಿನ ಮೇಡಮ್ ನನ್ನ ಮುಖ ನೋಡಿ, "ಆರ್ ಯು ಶೂರ್?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅಪ್ಪ, "ಶೂರ್, ಶೂರ್, ವೆರಿ ಶೂರ್" ಅಂದ. ಆ ವರ್ಷವಿಡೀ ನಮ್ಮ ಪೈಕಿ ಶೂರ್ ಆಗಿದ್ದವನು ಅವನೊಬ್ಬನೇ.

ಸಸ್ಯಕೋಶದ ಒಳಗೆ

ಮೊದಲ ಟೆಸ್ಟು. ಸಸ್ಯದ ಒಂದು ಕೋಶ ಬರೆದು ಭಾಗಗಳನ್ನು ಗುರುತಿಸಬೇಕಿತ್ತು. ಚಿತ್ರ ಚೆನ್ನಾಗೇ ಬಂತು. ಹೆಸರು ಬರೆಯಬೇಕು ಅನ್ನುವಷ್ಟರಲ್ಲಿ ಗಾಬರಿಗೆ ಇಂಗ್ಲಿಷೆಲ್ಲ ತಲೆಯಿಂದ ಎದ್ದು ಹೋಯಿತು. ಉಳಿದದ್ದು ಧಾರವಾಡದ ಟೀಚರು ಬಾಯಿಪಾಠ ಮಾಡಿಸಿದ ಕನ್ನಡ ಮಾತ್ರ: ಕೋಶಕೇಂದ್ರ, ಪತ್ರಹರಿತ್ತು, ರಸದಾನಿ. ಖಾಲಿ ಬಿಡುವುದಕ್ಕಿಂತ ವಾಸಿ ಅಂತ ಒಂದೊಂದನ್ನೇ ಒಡೆದು ಇಂಗ್ಲಿಷಿಗೆ ತಿರುಗಿಸಿದೆ. ಕೋಶಕೇಂದ್ರ 'ಸೆಲ್ ಸೆಂಟರ್' ಆಯಿತು. ಪತ್ರಹರಿತ್ತು 'ಲೀಫ್ ಗ್ರೀನ್' ಆಯಿತು. ರಸದಾನಿ ಅಂದರೆ ರಸ ಇಟ್ಟುಕೊಳ್ಳುವ ಡಬ್ಬಿ ತಾನೆ? 'ಜ್ಯೂಸ್ ಬಾಕ್ಸ್' ಅಂತ ಬರೆದೆ.

ಪೇಪರು ವಾಪಸು ಬಂತು. ನಮ್ಮ ಬಯಾಲಜಿ ಸರ್ ಒಳ್ಳೆಯವರು, ಬೈಯುವವರಲ್ಲ. ಸೊನ್ನೆ ಹಾಕಿ, ಜ್ಯೂಸ್ ಬಾಕ್ಸಿನ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಕೇಳಿದ್ದರು: "ಆಪಲ್ಲೋ, ಆರೆಂಜೋ?"

ಉಡುಪಿ ಕಡೆಯ ಅಂಕಲ್ಲಿನ ಮೊಣಕಾಲು

ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಕನ್ನಡದವರೆಲ್ಲ ಹತ್ತಿರದ ಮೆಡೋವೇಲಿನ ಒಂದು ಹಾಲ್‌ನಲ್ಲಿ ಸೇರಿದ್ದೆವು. ಊಟದ ಸಾಲಿನಲ್ಲಿ ನಿಂತು ಅಪ್ಪ ಮುಂದಿದ್ದವರಿಗೂ ಹಿಂದಿದ್ದವರಿಗೂ, "ನಮ್ಮ ಹುಡುಗಿ ಈಗs ಕಾಲೇಜ್ ಬಯಾಲಜಿ ಓದಾಕತ್ತಾಳ್ರೀ" ಅಂತ ಹೇಳಿದ. ಸಾಲು ಮುಂದೆ ಹೋದ ಹಾಗೆ ಸುದ್ದಿಯೂ ಬೆಳೆಯುತ್ತಾ ಹೋಯಿತು. ನಾನು ಹೋಳಿಗೆ ತಲುಪುವ ಹೊತ್ತಿಗೆ ಡಾಕ್ಟರ್ ಆಗಿಬಿಟ್ಟಿದ್ದೆ. ಒಬ್ಬ ಆಂಟಿ ಫೋನಿನಲ್ಲಿ ತಮ್ಮ ಥೈರಾಯ್ಡ್ ರಿಪೋರ್ಟು ತೋರಿಸಿದರು. ಆಮೇಲೆ ಉಡುಪಿ ಕಡೆಯ ಒಬ್ಬ ಅಂಕಲ್ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಪ್ಯಾಂಟು ಮೊಣಕಾಲಿನವರೆಗೆ ಮಡಚಿದರು.

"ಎಂತ ಅಂತ ಒಮ್ಮೆ ನೋಡು ಮಾರಾಯ್ತಿ. ಮೆಟ್ಟಿಲು ಹತ್ತುವಾಗ ಟಕ್ ಟಕ್ ಅಂತ ಶಬ್ದ ಉಂಟು."

"ಅಂಕಲ್, ನಂಗೇನೂ ಗೊತ್ತಿಲ್ರೀ. ನಾವಿನ್ನೂ ಎಲೆ ಹ್ಯಾಂಗ ಉಸಿರಾಡತೈತಿ ಅನ್ನೋ ಪಾಠದಾಗ ಅದೀವಿ."

ಅಂಕಲ್ ಬೇಜಾರೇನೂ ಮಾಡಿಕೊಳ್ಳಲಿಲ್ಲ. ಇನ್ನೂ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ಹಾಗಾದ್ರೆ ಒಳ್ಳೇದೇ ಆಯ್ತು. ಯಾವ ಎಲೆ ಕಟ್ಟುದು ಹೇಳು."

ನೊಣಗಳ ಸಂಸಾರ

ಚಳಿಗಾಲದಲ್ಲಿ ಅನುವಂಶೀಯತೆಯ ಪಾಠ ಬಂತು. ಹಣ್ಣಿನ ಮೇಲೆ ಕೂರುವ ಪುಟ್ಟ ನೊಣಗಳನ್ನು ಸಾಕಿ, ಬಿಳಿ ಕಣ್ಣಿನ ತಂದೆತಾಯಿಗೆ ಎಂಥ ಕಣ್ಣಿನ ಮಕ್ಕಳು ಹುಟ್ಟುತ್ತವೆ ಅಂತ ನೋಡುವುದು. ಸ್ಕೂಲಿನಲ್ಲಿ ಹೀಟಿಂಗ್ ಕೆಟ್ಟಿದ್ದರಿಂದ ಆ ವೀಕೆಂಡಿಗೆ ಸರ್ ಒಂದೊಂದು ಸೀಸೆಯನ್ನು ನಮ್ಮ ಕೈಗೆ ಕೊಟ್ಟು, ಮನೆಯಲ್ಲಿ ಬೆಚ್ಚಗಿಡಿ ಅಂದರು. ಅಡುಗೆಮನೆಯಲ್ಲಿ ಇಟ್ಟು ಅವ್ವನಿಗೆ, "ಮುಟ್ಟಬ್ಯಾಡ" ಎಂದು ಹೇಳಿ ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಸೀಸೆ ಫಳಫಳ ಹೊಳೆಯುತ್ತಿತ್ತು.

"ತೊಳದು ಇಟ್ಟೇನಿ" ಅಂದಳು ಅವ್ವ. "ಒಳಗ ಎಂಥದೋ ರಾಡಿ ಹಿಡದಿತ್ತು."

"ಯವ್ವಾ, ಅದು ಅವುಗಳ ಊಟ! ನೊಣ ಎಲ್ಲಿ?"

"ಅಳಬ್ಯಾಡ, ಇಲ್ಲೇ ಅದಾವ. ಆ ಮೊದಲಿನ್ವು ಹಾರಿ ಹ್ವಾದು. ಬಾಳೆಹಣ್ಣಿನ ಮ್ಯಾಲಿನ್ವು, ತುಳಸಿ ಕುಂಡದಾಗಿನ್ವು ಹಿಡದು ತುಂಬೇನಿ. ನಿನ್ನ ನೊಣ ಒಣಗಿದ್ದುವು, ಇವು ನೋಡು ಎಷ್ಟು ಚುರುಕ ಅದಾವ."

ಸೋಮವಾರ ನಿಜ ಹೇಳಲು ನಾನು ಸೀಸೆ ಹಿಡಿದು ನಿಂತೆ. ಅಷ್ಟರಲ್ಲಿ ಸರ್ ಅದನ್ನು ತಗೊಂಡು ಮೈಕ್ರೋಸ್ಕೋಪಿನ ಕೆಳಗಿಟ್ಟಾಗಿತ್ತು. ಬಹಳ ಹೊತ್ತು ನೋಡಿದರು. "ಬಿಳಿ ಕಣ್ಣು ಒಂದೂ ಇಲ್ಲ" ಅಂದರು. ಮತ್ತೆ ನೋಡಿದರು. "ಅರ್ಧದಷ್ಟು ಬೇರೆ ಜಾತಿಯ ಹುಳಗಳೇ ಇವೆ. ಇವುಗಳ ಅಪ್ಪ ಅಮ್ಮ ನಾನು ಕೊಟ್ಟ ನೊಣಗಳೇ ಅನ್ನುವುದಾದರೆ ನಾನು ಈ ಕೆಲಸ ಬಿಡಬೇಕು." ನಾನು ನಡೆದದ್ದನ್ನು ಹೇಳಿದೆ. ಅವರು ನಕ್ಕರು, ಮಾರ್ಕು ಮಾತ್ರ ಹೋಯಿತು.

ಸಂಜೆ ಅತ್ತುಕೊಂಡು ಅವ್ವನಿಗೆ ಹೇಳಿದೆ, ಬೇರೆ ಜಾತಿ ಹುಳ ಬಂದದ್ದಕ್ಕೆ ಮಾರ್ಕ್ ಕಟ್ ಆಯಿತು ಅಂತ.

ಅವ್ವ ಸೊಂಟದ ಮೇಲೆ ಕೈಯಿಟ್ಟಳು. "ಅಯ್ಯ, ಕೆನಡಾಕ್ಕ ಬಂದರೂ ಜಾತಿ ಕೇಳೂದು ಬಿಡಲಿಲ್ಲೇನು ಇವರು?"

ರಿಸಲ್ಟು

ಜುಲೈನಲ್ಲಿ ರಿಸಲ್ಟು ಬಂತು. ಐದಕ್ಕೆ ಮೂರು. ನಾಲ್ಕು ಬಂದಿದ್ದರೆ ನಾನು ಸೇರುವ ಯೂನಿವರ್ಸಿಟಿಯಲ್ಲಿ ಮೊದಲ ವರ್ಷದ ಬಯಾಲಜಿ ಓದುವುದು ತಪ್ಪುತ್ತಿತ್ತು. ಮೂರು ಅಂದರೆ ಅದೇ ಕೋಶ, ಅದೇ ಎಲೆ, ಅದೇ ನೊಣ, ಎಲ್ಲ ಮತ್ತೆ ಮೊದಲಿಂದ. ಇಡೀ ಚಳಿಗಾಲ ಬೇಸ್‌ಮೆಂಟಿನಲ್ಲಿ ಕೂತು ಓದಿದ್ದು ನೆನೆದು ಅಲ್ಲಿಗಿಳಿಯುವ ಮೆಟ್ಟಿಲ ಮೇಲೆ ಕೂತೆ. ಶಿಫ್ಟು ಮುಗಿಸಿ ಬಂದ ಅಪ್ಪ, ಏನಾಯಿತು ಅಂತ ಕೇಳಿದ. ಹೇಳಿದೆ. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮುಖ ಅರಳಿತು.

"ಐದಕ್ಕ ಮೂರಂದ್ರ ಅರವತ್ತು ಪರ್ಸೆಂಟ್. ಏ ಹುಚ್ಚಿ, ಫಸ್ಟ್ ಕ್ಲಾಸ್ ಬಂದೈತಲ್ಲ!"

"ಅಪ್ಪಾ, ಇಲ್ಲಿ ಹಂಗ ಲೆಕ್ಕ ಇಲ್ಲ. ನಾ ಅದನ್ನs ಮತ್ತ ಓದಬೇಕು."

ಅವನು ಆಗಲೇ ಧಾರವಾಡದ ನನ್ನ ಸೋದರಮಾವನಿಗೆ ಫೋನು ಹಚ್ಚಿದ್ದ. ಆ ಕಡೆಯಿಂದ ಮಾವ, ಮುಂದೇನು ಅಂತ ಕೇಳಿರಬೇಕು. ಅಪ್ಪ ಎದೆಯುಬ್ಬಿಸಿ ಹೇಳಿದ: "ಎಷ್ಟು ಛಲೋ ಓದ್ಯಾಳಂದ್ರ, ಇನ್ನೊಮ್ಮೆ ಓದ ಬಾ ಅಂತ ಯೂನಿವರ್ಸಿಟಿಯವರs ಕರದಾರ!"

ಕಹಿ ಕಾಗದ

ಇದು ಪರೀಕ್ಷೆಗೆ ಮೊದಲೇ, ವಸಂತದ ಒಂದು ಭಾನುವಾರ ನಡೆದದ್ದು. ಆದರೆ ಇದನ್ನು ಹೇಳಿದ ಮೇಲೆ ಬೇರೇನೂ ಹೇಳಲಾಗುವುದಿಲ್ಲ, ಅದಕ್ಕೇ ಕೊನೆಗಿಟ್ಟೆ.

ಸರ್ ಪೊಟ್ಟಣಗಳಲ್ಲಿ ಕಾಗದದ ಪಟ್ಟಿಗಳನ್ನು ಕೊಟ್ಟು ಮನೆಯವರ ನಾಲಿಗೆ ಮೇಲೆ ಇಟ್ಟು ನೋಡಿ ಅಂದಿದ್ದರು. ಅದಕ್ಕೆ ಒಂದು ಕಹಿ ಮದ್ದು ಹಚ್ಚಿರುತ್ತಾರೆ. ಕೆಲವರಿಗೆ ಸಹಿಸಲಾಗದಷ್ಟು ಕಹಿ, ಕೆಲವರಿಗೆ ಹುಟ್ಟಿನಿಂದಲೇ ಅದು ಗೊತ್ತಾಗುವುದಿಲ್ಲ. ಅವ್ವ ನಾಲಿಗೆ ಮೇಲಿಟ್ಟವಳೇ ಸಿಂಕಿಗೆ ಓಡಿದಳು. ಅಪ್ಪ ಮಾತ್ರ ಎಲೆಅಡಿಕೆಯ ಹಾಗೆ ಆರಾಮಾಗಿ ಜಗಿದ.

"ಏನೂ ಇಲ್ಲಲೇ ಇದರಾಗ. ಬರೇ ಕಾಗದ."

"ನಿಂಗ ಕಹಿ ಗೊತ್ತಾಗೂದಿಲ್ಲಪ್ಪಾ. ಹುಟ್ಟಿನಿಂದನs ಹಂಗ" ಅಂದೆ.

ಅವ್ವ ಬಾಯಿ ಒರೆಸಿಕೊಳ್ಳುತ್ತಿದ್ದವಳು ನಿಂತುಬಿಟ್ಟಳು. "ರೀ, ಮದಿವಿ ಆದ ಹೊಸದಾಗ ನಾ ಹಾಗಲಕಾಯಿ ಪಲ್ಯಾ ಮಾಡಿದ್ದೆ. ಯಾರೂ ಬಾಯಾಗ ಇಡಲಿಲ್ಲ. ನೀವೊಬ್ಬರs ಎರಡೆರಡು ಸಲ ಹಾಕಿಸ್ಕೊಂಡು ತಿಂದ್ರಿ. ಎಂಥಾ ಗಂಡ ಸಿಕ್ಕಾನಂತ ನಾ ಅಡಿಗಿಮನ್ಯಾಗ ಅತ್ತಿದ್ದೆ. ಪ್ರೀತಿ ಅಲ್ಲ ಅದು, ನಾಲಿಗಿ ಸತ್ತಿತ್ತು!"

ಈ ಕಹಿ ಬೇರೆ, ಹಾಗಲಕಾಯಿಯ ಕಹಿ ಬೇರೆ ಅಂತ ವಿವರಿಸಲು ನೋಡಿದೆ. ಕೇಳುವವರು ಯಾರು? ಅಪ್ಪನ ಮುಖ ಬಿಳಿಚಿತು. "ಆ ಪಟ್ಟಿ ಹಳೇದಿರಬೇಕು. ಇನ್ನೊಂದು ಕೊಡವಾ" ಅಂದ. ನಾನು ಏನಾದರೂ ಹೇಳುವ ಮೊದಲೇ ಮೇಜಿನ ಮೇಲಿದ್ದ ಇನ್ನೊಂದು ಪೊಟ್ಟಣದಿಂದ ತಾನೇ ಒಂದು ಎಳೆದು ಬಾಯಿಗೆ ಹಾಕಿಕೊಂಡ.

"ಅಯ್ಯಯ್ಯಪ್ಪಾ! ವಿಷಾ! ನೀರು ತರ್ರಿ!"

ಕಣ್ಣು ಮುಚ್ಚಿ, ಮೂಗು ಹಿಂಡಿ, ಕುರ್ಚಿ ಬೀಳಿಸಿ ಸಿಂಕಿಗೆ ಓಡಿದ. ಉಗಿಯುತ್ತಲೇ, "ನೋಡಿದ್ಯಾ? ಇಂಥಾ ಕಹೀನೂ ನಿನ್ನ ಸಲುವಾಗಿ ನುಂಗೇನಿ ನಾ" ಅಂದ.

ಅವ್ವನ ಕಣ್ಣಲ್ಲಿ ನೀರು ತುಂಬಿತು. ಸೆರಗಿನಿಂದ ಒರೆಸಿಕೊಂಡು ಆ ಪೊಟ್ಟಣ ಎತ್ತಿಕೊಂಡಳು. ಅದರ ಮೇಲಿನ ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದಿ, "ಕಂಟ್ರೋಲ್ ಅಂದ್ರ ಏನವಾ?" ಅಂತ ನನ್ನನ್ನು ಕೇಳಿದಳು.

ಸುಳ್ಳು ಹೇಳಲು ನನಗೆ ಹೊಳೆಯಲಿಲ್ಲ. "ಏನೂ ಹಚ್ಚದ ಬರೇ ಬಿಳಿ ಕಾಗದ. ಹೋಲಿಸಿ ನೋಡಾಕ ಕೊಟ್ಟಿರತಾರ."

ಸಿಂಕಿನ ಕಡೆಯಿಂದ ಅಪ್ಪ ಬಾಯಿ ಮುಕ್ಕಳಿಸುತ್ತಾ ಕೂಗಿದ: "ಇನ್ನೂ ಇಳಿವಲ್ದು ನೋಡs ಕಹಿ!"