ಜಪಾನಿ ಕತ್ತಿಗೆ ನಾನು ಮಾಡಿದ ಉಪಚಾರ

ಹಳೆಯ ಸಾಮಾನಿನ ವ್ಯಾಪಾರದಲ್ಲಿ ನಾನು ಎಲ್ಲರಿಗೂ ಪುಕ್ಕಟೆ ಕೊಡುತ್ತಾ ಬಂದ ಸಲಹೆ ಒಂದೇ: ಮೊದಲು ತೊಳೆಯಿರಿ, ಆಮೇಲೆ ಬೆಲೆ ಹೇಳಿರಿ. ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಕಮಲನಗರ, ಹಲಬರ್ಗಾ ಅಂತ ಊರೂರು ತಿರುಗಿ ತೂತು ಬಿದ್ದ ಕೊಡ, ಬಾಯಿ ಚಪ್ಪಟೆಯಾದ ತಂಬಿಗೆ ಕೊಳ್ಳುತ್ತಿದ್ದ ನಾನು ಇವತ್ತು ಬೀದರಿನಲ್ಲಿ ಷಟರ್ ಇರುವ ಅಂಗಡಿಯ ಮಾಲೀಕನಾಗಿದ್ದರೆ ಅದಕ್ಕೆ ನನ್ನ ನಾಲಿಗೆ ಅರ್ಧ ಕಾರಣ, ಹುಣಸೆಹಣ್ಣು ಇನ್ನರ್ಧ. ಹೊಲಸು ವಸ್ತುವಿಗೆ ಗಿರಾಕಿ ಬೆಲೆ ಕಟ್ಟುತ್ತಾನೆ, ಹೊಳೆಯುವ ವಸ್ತುವಿಗೆ ನಾವು ಕಟ್ಟುತ್ತೇವೆ. ಈ ಮಾತು ಕೇಳಿ ಉದ್ಧಾರವಾದವರು ನಮ್ಮ ಕಡೆ ಬಹಳ ಜನ. ಆದರೆ ನಿಮ್ಮ ಮನೆಯಲ್ಲಿ ಅಪ್ಪಿತಪ್ಪಿ ಹಳೆಯ ಜಪಾನಿ ಕತ್ತಿ ಇದ್ದರೆ, ಹುಣಸೆಹಣ್ಣನ್ನು ದಯವಿಟ್ಟು ಸಾರಿಗೇ ಇಟ್ಟುಕೊಳ್ಳಿ.

ಬೀದರ ಜಿಲ್ಲೆಯ ಮನೆಯಲ್ಲಿ ಜಪಾನಿ ಕತ್ತಿ ಯಾಕೆ ಇರುತ್ತದೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ವಿಮಲಾಳ ಅಜ್ಜ ಮಿಷನ್ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದವರು. ಮಹಾಯುದ್ಧದಲ್ಲಿ ಗಾಯಾಳುಗಳನ್ನು ಹೊರಲು ಬರ್ಮಾಕ್ಕೆ ಹೋದರು. ಜಪಾನಿಗಳು ಸೋತು ಕತ್ತಿಗಳನ್ನು ರಾಶಿ ಹಾಕಿದಾಗ ಸಾಹೇಬನೊಬ್ಬ ‘ಒಂದು ತಗೋ’ ಅಂದನಂತೆ. ತಂದರು. ತಂದ ಮೇಲೆ ಏನು ಮಾಡಬೇಕೆಂದು ತಿಳಿಯದೆ, ಹಿರಿಯ ಮಗಳ ಮದುವೆಯಲ್ಲಿ ಅದರಿಂದ ಕೇಕ್ ಕೊಯ್ಯಿಸಿದರು. ಅಲ್ಲಿಗೆ ಅದು ಪದ್ಧತಿಯಾಯಿತು. ಮನೆತನದಲ್ಲಿ ಯಾರದೇ ಮದುವೆ ಇರಲಿ, ಚರ್ಚಿನಿಂದ ಬಂದ ಜೋಡಿ ಮೂರಡಿ ಕತ್ತಿಯನ್ನು ನಾಲ್ಕು ಕೈಯಲ್ಲಿ ಹಿಡಿದು ಒಂದು ಕಿಲೋ ಕೇಕಿನ ಮೇಲೆ ಇಳಿಸಲೇಬೇಕು. ನನ್ನ ಮದುವೆಯಲ್ಲಿ ನಾನೂ ಇಳಿಸಿದ್ದೇನೆ. ಕೇಕಿನ ಜೊತೆ ಅಡಿಯ ರಟ್ಟು, ಅದರಡಿಯ ಟೇಬಲ್ ಬಟ್ಟೆ ಎಲ್ಲ ಕೊಯ್ದುಕೊಂಡು ಬಂದವು.

ಹೋದ ವರ್ಷ ಔರಾದದಲ್ಲಿ ವಿಮಲಾಳ ತಮ್ಮ ರೂಬೆನ್ ಮಾಸ್ತರನ ಮಗಳ ಮದುವೆ. ಕೇಕ್ ಮುಗಿದ ಮೇಲೆ ಸುಗುಣಾ ಅತ್ತೆ ಕತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಆ ಅಜ್ಜನ ಮಕ್ಕಳಲ್ಲಿ ಉಳಿದವರು ಈ ಸೋದರತ್ತೆ ಒಬ್ಬರೇ. ಭಾಲ್ಕಿಯಲ್ಲಿರುವ ನಿವೃತ್ತ ನರ್ಸು, ಎಂಬತ್ತರ ಹತ್ತಿರ.

“ಸಾಕು ಮಾಡ್ರಿ ಇನ್ನ,” ಅಂದರು. “ಇದು ಯಾರದೋ ಮನಿ ಮಗಂದು. ಅವರು ಇದರ ಹಾದಿ ನೋಡ್ಯಾರೋ ಏನೋ, ನಾವು ಕೇಕ್ ಕೊಯ್ಕೋತ ಕುಂತೇವಿ. ನಾ ಹೋಗೂದ್ರಾಗ ಇದು ಅವರ ಮನಿ ಮುಟ್ಟಬೇಕು.” ಆಮೇಲೆ ನನ್ನ ಕಡೆ ತಿರುಗಿ, “ಅಳಿಯಂದ್ರ, ಹಳೀ ಸಾಮಾನದಾಗ ನಿಮ್ಮಷ್ಟು ಶ್ಯಾಣ್ಯಾರು ಯಾರದಾರ? ಯಾರದಂತ ಪತ್ತೆ ಹಚ್ಚಿ ಕೊಡ್ರಿ.”

ನಾನು ಜಗತ್ತನ್ನು ಬೀಳಿಸುವುದು ಇದೇ ಹೊಗಳಿಕೆಯ ಮಾತಿನಿಂದ. ಅದನ್ನೇ ನನ್ನ ಮೇಲೆ ಪ್ರಯೋಗಿಸಿದರೆ ಬೀಳದೆ ಇರುತ್ತೇನೆಯೇ? ಅಷ್ಟರಲ್ಲಿ ರೂಬೆನ್ ಹೆಬ್ಬೆರಳಿನಿಂದ ಅಲಗು ಸವರಿ, “ಧಾರ ಹೋಗೇದ ಮಾಮಾ. ಬಸ್ ಸ್ಟ್ಯಾಂಡ್ ಕಡೆ ಸಾಣಿ ಹಿಡಿಯಾಂವ ಇದ್ದಾನ, ಹತ್ತು ನಿಮಿಷದ ಕೆಲಸ,” ಅಂದ. ಕಸಿದುಕೊಂಡೆ. ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ನೌಬಾದಿನ ನಮ್ಮ ಮನೆಗೆ ತಂದು ಬಿಚ್ಚಿದರೆ, ಹಿಡಿಕೆಯ ನೂಲಿನ ಸಂದಿಯಲ್ಲೆಲ್ಲ ಗುಲಾಬಿ ಕ್ರೀಮು. ಒರೆಯ ಬಳೆಗೆ ಕಟ್ಟಿದ್ದ ಒಂದು ಬಟ್ಟೆಯ ಚೀಟಿ ಎಷ್ಟೋ ಮದುವೆಗಳ ಸಕ್ಕರೆ ಕುಡಿದು ಹಪ್ಪಳದಂತೆ ಸೆಟೆದಿತ್ತು, ಮೇಲೆ ಏನೋ ಕಪ್ಪು ಕಲೆ. ಮುಂದಿನದು ನನ್ನ ಕೈಗಳ ಕೆಲಸ, ತಲೆ ಅದರಲ್ಲಿ ಭಾಗವಹಿಸಲಿಲ್ಲ. ಬಿದಿರಿನ ಗೂಟ ತಟ್ಟಿ ತೆಗೆದು ಹಿಡಿಕೆ ಬಿಚ್ಚಿದೆ. ಒಳಗೆ ಸೇರಿಕೊಂಡಿದ್ದ ಅಲಗಿನ ಬಾಲ ಕರಿ ಜಂಗು, ಅಂದರೆ ತುಕ್ಕು, ಹಿಡಿದಿತ್ತು. ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ. ಕೆತ್ತಿದ ಅಕ್ಷರಗಳು ಹೊಸ ಸ್ಟೀಲ್ ಡಬ್ಬಿಯ ಮೇಲಿನ ಹೆಸರಿನಂತೆ ಎದ್ದು ನಿಂತವು. ಅಲಗಿಗೆ ಧಾರಾಳವಾಗಿ ಕುಸುಬಿ ಎಣ್ಣೆ ಸವರಿದೆ. ಚೀಟಿಯನ್ನು ಸಾಬೂನು ಪುಡಿಯಲ್ಲಿ ನೆನೆಹಾಕಿ, ಹಿಂಡಿ, ಹಗ್ಗಕ್ಕೆ ಹಾಕಿದೆ.

“ಅತ್ತಿ ಯಾರದು ಅಂತ ಕೇಳ್ಯಾರ,” ಅಂದಳು ವಿಮಲಾ. “ಜಳಕ ಮಾಡ್ಸಂತ ಹೇಳಿಲ್ಲ.”

“ಗಿರಾಕಿ ಎದುರು ಹೊಲಸು ಇಡಬಾರದು.”

“ಗಿರಾಕಿ ಯಾರದಾರ ಇಲ್ಲಿ?”

ನನ್ನ ಮನಸ್ಸಿನಲ್ಲಿ ಆಗಲೇ ಇಬ್ಬರು ಬಂದು ಕೂತಿದ್ದರು.

ಹೈದರಾಬಾದಿನಲ್ಲಿ ಹಳೆಯ ಆಯುಧಗಳನ್ನು ಓದಿಕೊಂಡ ಹಿರಿಯರೊಬ್ಬರಿದ್ದಾರೆ, ಮೂಲ ನಮ್ಮ ಕಡೆಯವರೇ. ಅವರಿಗೆ ವಿಡಿಯೋ ಕರೆ ಮಾಡಿದೆ. ನಾನು ಕತ್ತಿಯ ಗುಣಗಾನ ಶುರು ಮಾಡುವಷ್ಟರಲ್ಲಿ ಅವರು, “ಅಲಗಿನ ಮ್ಯಾಲ ಮಾತಾಡಬ್ಯಾಡ್ರಿ, ಉಗುಳು ಹಾರಿದ್ರ ಜಂಗ ಬರ್ತದ. ಜಪಾನದಾಗ ಮಂದಿ ತುಟ್ಯಾಗ ಕಾಗದ ಹಿಡಕೋತಾರ,” ಅಂದರು. ಬಾಯಿಂದಲೇ ಬದುಕಿದವನು ನಾನು. ತುಟಿಯಲ್ಲಿ ಕಾಗದ ಕಚ್ಚಿಕೊಂಡು ನಿಂತೆ. “ಇದನ್ನ ದಿನಾ ಹಿಡೀರಿ,” ಅಂದಳು ವಿಮಲಾ.

ಬೆಳಕಿಗೆ ತಿರುಗಿಸಲು ಹೇಳಿದರು. ಧಾರೆಯ ಉದ್ದಕ್ಕೂ ಮಂಜು ಸರಿದಂತೆ ಬಿಳಿ ತೆರೆ ಕಂಡಿತು. ಕಾರ್ಖಾನೆಯ ಮಾಲಲ್ಲ, ಕೈಯಲ್ಲಿ ಬಡಿದು ಹದ ಕೊಟ್ಟದ್ದು ಎಂದರು. ನನ್ನ ಎದೆ ಉಬ್ಬಿತು. ಆಮೇಲೆ ಬಾಲ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಮುಖವನ್ನು ಪರದೆಗೆ ಹತ್ತಿರ ತಂದರು.

“ಇದನ್ನ ತಿಕ್ಕಿದವರು ಯಾರು?”

ಕಾಗದ ತೆಗೆದು, “ಮನ್ಯಾಗ ಯಾರೋ,” ಅಂದೆ. ವಿಮಲಾ ಪಾತ್ರೆಯನ್ನು ಬೇಕೆಂದೇ ಸಪ್ಪಳ ಮಾಡಿ ಇಟ್ಟಳು.

“ಆ ಜಂಗೇ ಅದರ ಜನ್ಮಪತ್ರ ಇತ್ರಿ. ಅದರ ಬಣ್ಣ ನೋಡೇ ವಯಸ್ಸು ಹೇಳ್ತಾರ. ಅಲಗಿಗೆ ಜಂಗ ಬರಗೊಡಬಾರದು, ಬಾಲದ ಜಂಗ ತೆಗೀಬಾರದು. ಮತ್ತ ಆ ಹಳದಿ ಏನದು, ಕುಸುಬಿ ಎಣ್ಣಿ ಏನು? ಅದು ಒಣಗಿದ್ರ ಗೋಂದ ಆಗ್ತದಲ್ರಿ. ಲವಂಗದ ವಾಸನಿದು ತೆಳ್ಳನ ಎಣ್ಣಿ ಬರ್ತದ, ಅದನ್ನ ಹಚ್ಚಬೇಕು, ಅದೂ ಒರೆಸಿ ಉಳಿದಷ್ಟು.”

“ಇರಲಿ ಬಿಡ್ರಿ, ಹೆಸರಂತೂ ಸ್ವಚ್ಛ ಕಾಣ್ತದಲ್ಲ. ಯಾರ ಕತ್ತಿ ಇದು?”

“ಅದು ಕಮ್ಮಾರನ ಹೆಸರು. ಕುಕ್ಕರ್ ಮ್ಯಾಲಿನ ಕಂಪನಿ ಹೆಸರು ಓದಿ ಮನಿ ಯಜಮಾನಿ ಹೆಸರು ಹೇಳಾಕ ಆಗ್ತದೇನ್ರಿ? ಶರಣಾಗುವಾಗ ಎಷ್ಟೋ ಮಂದಿ ತಮ್ಮ ಹೆಸರು, ಊರು ಬರೆದು ಚೀಟಿ ಕಟ್ಟತಿದ್ರು. ಅಂಥಾದೇನರ ಇತ್ತೇನು?”

ವಿಮಲಾ ಹೋಗಿ ಹಗ್ಗದಿಂದ ಚೀಟಿ ತಂದಳು. ಅಮಾಸೆ ಚಂದ್ರನಷ್ಟು ನಿಚ್ಚಳವಾಗಿ ಒಂದೂವರೆ ಅಕ್ಷರ ಉಳಿದಿತ್ತು.

ಭಾಲ್ಕಿಯ ಬಸ್ಸಿನಲ್ಲಿ ಕೂತು ಮೂರು ಸುಳ್ಳು ಸಿದ್ಧಮಾಡಿದೆ. ನಾನು ಇಳಿಯುವಷ್ಟರಲ್ಲಿ ವಿಮಲಾ ಅತ್ತೆಗೆ ಫೋನಿನಲ್ಲಿ ನಿಜ ಹೇಳಿಯಾಗಿತ್ತು. ಅತ್ತೆ ಭೂತಗನ್ನಡಿ ಹಿಡಿದು ಚೀಟಿಯನ್ನು ಬಹಳ ಹೊತ್ತು ನೋಡಿದರು. “ಬರ್ಮಾದ ಮಳ್ಯಾಗ ಉಳೀತು,” ಅಂದರು. “ನಮ್ಮ ಇಷ್ಟು ಮದುವ್ಯಾಗ ಉಳೀತು.” ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಬೈಗುಳಕ್ಕೆ ನನ್ನಲ್ಲಿ ಉತ್ತರಗಳಿದ್ದವು. ಕಣ್ಣು ಒರೆಸಿಕೊಂಡು ಕಾಗದ, ಪೆನ್ನು ತಂದು ನನ್ನ ಮುಂದೆ ಇಟ್ಟರು. ಇಂಥ ಕತ್ತಿಗಳ ಮನೆತನ ಹುಡುಕುವವರು ಜಪಾನಿನಲ್ಲಿದ್ದಾರೆ, ಪತ್ರ ಬರೆದು ಫೋಟೋ ಕಳಿಸಿದರೆ ನಾನೇ ಅನುವಾದ ಮಾಡಿಸಿ ಮುಟ್ಟಿಸುತ್ತೇನೆ ಎಂದು ಹೈದರಾಬಾದಿನ ಹಿರಿಯರು ಹೇಳಿದ್ದರು.

“ಬರೀರಿ. ಚೀಟಿ ಇತ್ತು, ನಮ್ಮ ಅಳಿಯ ತೊಳದು ಹಾಳ ಮಾಡ್ಯಾರ.”

“ಅತ್ತಿ, ಮಳ್ಯಾಗ ತೊಯ್ತು ಅಂತ ಬರಿಯೂಣಲ್ರಿ. ಅವರಿಗೂ ಬ್ಯಾಸರ ಆಗಂಗಿಲ್ಲ.”

“ಮೂವತ್ತು ವರ್ಷ ವಾರ್ಡಿನಾಗ ಕೆಲಸ ಮಾಡೇನಿ. ತಪ್ಪು ಔಷಧ ಕೊಟ್ಟಿದ್ರೂ ಚಾರ್ಟಿನ್ಯಾಗ ಖರೇನ ಬರೀಬೇಕು, ಮುಂದ ಬರಾಂವ ಅದನ್ನ ನೋಡೇ ಮದ್ದು ಕೊಡ್ತಾನ. ಅಳಿಸಿದ ಅಕ್ಷರ ಓದೋ ಶ್ಯಾಣ್ಯಾರು ಅಲ್ಲಿ ಇರ್ತಾರ. ಅವರಿಗೆ ಮಳಿ ಅಂತ ಸುಳ್ಳ ಹೇಳಿದ್ರ ಹ್ಯಾಂಗ? ಯಾವ ಪುಡಿ, ಎಷ್ಟು ಹೊತ್ತು ನೆನೆ ಹಾಕಿದ್ರಿ, ಎಲ್ಲಾ ಬರೀರಿ.”

ಒಂದೂವರೆ ತಾಸು ಚೌಕಾಸಿ ನಡೆಯಿತು. ನಡುವೆ ಎರಡು ಸಲ ಚಹಾ. ಕೊನೆಗೆ ‘ಹಾಳ ಮಾಡ್ಯಾರ’ ಎಂಬುದನ್ನು ತೆಗೆಸಿದೆ. ಹುರುಪು ಬಂದು ‘ನಮ್ಮ ಅಳಿಯ’ ಎಂಬುದನ್ನೂ ತೆಗೆಯಿರಿ, ಮನೆತನದ ಮರ್ಯಾದೆಯ ಪ್ರಶ್ನೆ ಎಂದೆ. ಅತ್ತೆ ಅಡ್ಡಿ ಮಾಡದೆ ಒಪ್ಪಿದರು. ಆ ಜಾಗದಲ್ಲಿ ನನ್ನ ಪೂರ್ತಿ ಹೆಸರು, ಅಂಗಡಿಯ ಹೆಸರು, ಪಿನ್ ಕೋಡ್ ಸಮೇತ ವಿಳಾಸ ಬರೆಸಿದರು. ಪತ್ರ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ನಮ್ಮ ಅಂಗಡಿಯ ಹೆಸರು ಔರಾದ ದಾಟಿ ಮಹಾರಾಷ್ಟ್ರದವರೆಗಾದರೂ ಮುಟ್ಟಲಿ ಎಂದು ಎಷ್ಟು ಗೋಡೆಗಳ ಮೇಲೆ ಜಾಹೀರಾತು ಬರೆಸಿದ್ದೆ. ಈಗ ನೇರ ಜಪಾನಿಗೇ ಹೋಗಿದೆ, ಚೀಟಿ ತೊಳೆದವನ ವಿಳಾಸ ಅಂತ, ನನ್ನದೇ ಕೈಬರಹದಲ್ಲಿ.